ನೀರಿನಲ್ಲಿ ಅದ್ದಿದ ಫೈಬರ್ ತುದಿಯ ರೀಡಿಂಗ್ ನಿಲ್ಲುತ್ತಿಲ್ಲ, ಎಲ್ಲಿ ತಪ್ಪುತ್ತಿದೆ?

ಉಪ್ಪುನೀರು (ಚರ್ಚೆ ಆರಂಭಿಸಿದವರು), ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಒಂದೇ ಸಮಸ್ಯೆ ಹಿಡಿದು ಕೂತಿದ್ದೇನೆ, ದಯವಿಟ್ಟು ನೋಡಿ.

ಬೆಳಕು ಸಾಗಿಸುವ ಗಾಜಿನ ಎಳೆಯ, ಅಂದರೆ ಆಪ್ಟಿಕಲ್ ಫೈಬರ್‌ನ ತುದಿಯನ್ನು ದ್ರವದಲ್ಲಿ ಅದ್ದಿ, ಅಲ್ಲಿ ಪ್ರತಿಫಲಿಸಿ ವಾಪಸ್ ಬರುವ ಬೆಳಕಿನಿಂದ ದ್ರವದ ವಕ್ರೀಭವನ ಸೂಚ್ಯಂಕ (ದ್ರವದಲ್ಲಿ ಬೆಳಕು ಎಷ್ಟು ಪಟ್ಟು ನಿಧಾನವಾಗುತ್ತದೆ ಎಂಬ ಸಂಖ್ಯೆ) ಅಳೆಯುವ ಸೆಟಪ್ ಕಟ್ಟಿದ್ದೇನೆ. 1550 ನ್ಯಾನೊಮೀಟರಿನ ಡಿಎಫ್‌ಬಿ ಲೇಸರ್ (ಹೆಚ್ಚುಕಡಿಮೆ ಒಂದೇ ತರಂಗಾಂತರದ ಬೆಳಕು ಕೊಡುವಂಥದ್ದು), ಸುಮಾರು 1 ಮಿಲಿವ್ಯಾಟ್. ಅಲ್ಲಿಂದ 50:50 ಕಪ್ಲರ್, ಅಂದರೆ ಬೆಳಕನ್ನು ಎರಡು ಕಾಲುಗಳಿಗೆ ಅರ್ಧರ್ಧ ಹಂಚುವ ಜೋಡಣೆ. ವಾಪಸ್ ಬಂದದ್ದನ್ನು ಅಳೆಯಲು ಕಪ್ಲರ್‌ನ ಹಿಂಬದಿಗೆ ಬೆಳಕು ಅಳೆಯುವ ಡಯೋಡ್ ಇದೆ. ಕಪ್ಲರ್‌ನ ಒಂದು ಕಾಲಿಗೆ ಎಪಿಸಿ ಕನೆಕ್ಟರ್ (ಓರೆ ಮುಖದ ಫೈಬರ್ ಜೋಡಣೆ) ಮೂಲಕ ಮೂರು ಮೀಟರ್ ಫೈಬರ್ ಜೋಡಿಸಿ ಬೀಕರಿಗೆ ಇಳಿಸಿದ್ದೇನೆ. ಇನ್ನೊಂದು ಕಾಲನ್ನು ಪೆನ್ಸಿಲ್‌ಗೆ ಬಿಗಿಯಾಗಿ ಹತ್ತು ಸುತ್ತು ಸುತ್ತಿ ಬಿಟ್ಟಿದ್ದೇನೆ, ಅಲ್ಲಿಂದ ಬೆಳಕು ವಾಪಸ್ ಬರಬಾರದೆಂದು. ತುದಿಯನ್ನು ಕ್ಲೀವರ್‌ನಲ್ಲಿ ನೇರವಾಗಿ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದ್ದೇನೆ, ಕನ್ನಡಿಯಂತಿದೆ.

ತೊಂದರೆ ಏನೆಂದರೆ, ತುದಿ ಗಾಳಿಯಲ್ಲಿದ್ದಾಗ ರೀಡಿಂಗ್ ಶೇ 1ರೊಳಗೆ ಆಡುತ್ತದೆ. ನೀರಿಗೆ ಇಳಿಸಿದ ತಕ್ಷಣ ಶೇ 4ರಷ್ಟು ಮೇಲೆ ಕೆಳಗೆ ಹೋಗುತ್ತದೆ. ಅರ್ಧ ಗಂಟೆಗೊಮ್ಮೆ ಬರೆದಿಟ್ಟಿದ್ದೇನೆ, ಏರಿಳಿತಕ್ಕೆ ಒಂದು ಕ್ರಮವೇ ಕಾಣುತ್ತಿಲ್ಲ. ಬೀಕರನ್ನು ಯಾರೂ ಮುಟ್ಟಿಲ್ಲ. ಉಪ್ಪಿನ ಪ್ರಮಾಣವನ್ನು ಶೇ 0.5ರ ಮಟ್ಟಿಗಾದರೂ ಹಿಡಿಯಬೇಕೆಂಬುದು ನನ್ನ ಗುರಿ, ಹೀಗಾದರೆ ಆಗುವ ಮಾತಲ್ಲ.

ಇನ್ನೊಂದು ಪ್ರಶ್ನೆ. ಸರಾಸರಿ ತೆಗೆದರೆ ಶುದ್ಧ ನೀರಿಗೆ 1.318 ಬರುತ್ತಿದೆ. ಪುಸ್ತಕದಲ್ಲಿ 1.333 ಇದೆ. ಇಷ್ಟು ವ್ಯತ್ಯಾಸ ಯಾಕೆ?

ಹಳೇ ಮೇಷ್ಟ್ರು, ಸೋಮವಾರ ರಾತ್ರಿ

ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ, ಅದು ಸುಲಭ. ನಿಮ್ಮ ಸಂಖ್ಯೆ ಸರಿಯಾಗಿದೆ. ಪುಸ್ತಕದ 1.333 ಸೋಡಿಯಂ ದೀಪದ ಹಳದಿ ಬೆಳಕಿಗೆ, ಅಂದರೆ 589 ನ್ಯಾನೊಮೀಟರಿಗೆ ಹೇಳಿದ್ದು. 1550ರ ಅವಕೆಂಪು ಬೆಳಕಿಗೆ ನೀರಿನ ಸೂಚ್ಯಂಕ ಸುಮಾರು 1.318. ಬೆಳಕಿನ ತರಂಗಾಂತರ ಬದಲಾದರೆ ಸೂಚ್ಯಂಕವೂ ಬದಲಾಗುತ್ತದೆ. ಆದ್ದರಿಂದ ಹಳದಿ ಬೆಳಕಿನ ಕೋಷ್ಟಕವನ್ನು ಪಕ್ಕಕ್ಕಿಡಿ, ನೀವೇ ತೂಕ ಹಾಕಿ ಮಾಡಿದ ದ್ರಾವಣಗಳಿಂದ ಮಾಪನ ರೇಖೆ ಎಳೆದುಕೊಳ್ಳಿ.

ಇನ್ನು ಅಳತೆಯ ಲೆಕ್ಕ. ಫೈಬರ್‌ನ ಸೂಚ್ಯಂಕ ಸುಮಾರು 1.447 ಎಂದಿಟ್ಟುಕೊಳ್ಳಿ. ಎರಡೂ ಸೂಚ್ಯಂಕಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿ ವರ್ಗ ಮಾಡಿದರೆ ಪ್ರತಿಫಲನದ ಪಾಲು ಸಿಗುತ್ತದೆ. ಗಾಳಿಗೆ ಶೇ 3.34, ನೀರಿಗೆ ಶೇ 0.22. ನಿಮ್ಮ 1 ಮಿಲಿವ್ಯಾಟ್‌ನಲ್ಲಿ ಅರ್ಧ ತುದಿಗೆ ಹೋಗುತ್ತದೆ, ವಾಪಸ್ ಬಂದದ್ದರಲ್ಲಿ ಮತ್ತೆ ಅರ್ಧ ಮಾತ್ರ ಡಯೋಡ್ ಸೇರುತ್ತದೆ. ಗಾಳಿಯಲ್ಲಿ 8 ಮೈಕ್ರೊವ್ಯಾಟ್ ಬಂದರೆ ನೀರಿನಲ್ಲಿ ಅರ್ಧ ಮೈಕ್ರೊವ್ಯಾಟ್. ಹದಿನೈದು ಪಟ್ಟು ಕಡಿಮೆ.

ಸೂಚ್ಯಂಕ 0.001 ಏರಿದರೆ ನೀರಿನ ಹತ್ತಿರ ಪ್ರತಿಫಲನ ಶೇ 1.6ರಷ್ಟು ಇಳಿಯುತ್ತದೆ. ಶೇ 1ರಷ್ಟು ಅಡುಗೆ ಉಪ್ಪು ಸೂಚ್ಯಂಕವನ್ನು ಸುಮಾರು 0.0017 ಏರಿಸುತ್ತದೆ. ಹಾಗಾದರೆ ಶೇ 0.5 ಉಪ್ಪು ಹಿಡಿಯಲು ನಿಮಗೆ ಶೇ 1.4ರಷ್ಟು ಬದಲಾವಣೆ ಸ್ಪಷ್ಟವಾಗಿ ಕಾಣಬೇಕು. ಶೇ 4ರ ಕುಣಿತದಲ್ಲಿ ಅದು ಮುಳುಗಿಹೋಗುತ್ತದೆ, ನಿಜ.

ತಾಪಮಾನ ಪ್ರಿಯ, ಮಂಗಳವಾರ ಬೆಳಗ್ಗೆ

ಬೀಕರಿನ ತಾಪಮಾನ ಬರೆದಿಟ್ಟಿದ್ದೀರಾ? ದ್ರವದ ಸೂಚ್ಯಂಕ ಅಳೆಯುವ ಯಾವ ಸಲಕರಣೆಯಾದರೂ ಅರ್ಧ ಥರ್ಮಾಮೀಟರೇ. ಕೋಣೆಯ ಉಷ್ಣತೆಯಲ್ಲಿ ನೀರು ಒಂದು ಡಿಗ್ರಿ ಬಿಸಿಯಾದರೆ ಸೂಚ್ಯಂಕ ಸುಮಾರು 0.0001 ಇಳಿಯುತ್ತದೆ. ಎಥನಾಲ್ ಆದರೆ ಅದರ ನಾಲ್ಕು ಪಟ್ಟು. ಗಾಜಿನ ಬದಲಾವಣೆ ನೀರಿನ ಹತ್ತನೇ ಒಂದು ಭಾಗದಷ್ಟು, ಅದೂ ವಿರುದ್ಧ ದಿಕ್ಕಿಗೆ.

ಉಪ್ಪುನೀರು, ಮಂಗಳವಾರ ಸಂಜೆ

ಬೀಕರನ್ನು ದೊಡ್ಡ ಪಾತ್ರೆಯ ನೀರಿನಲ್ಲಿ ಇಟ್ಟು ದಿನವಿಡೀ ನೋಡಿದೆ. ಥರ್ಮಾಮೀಟರ್ 25.1ರಿಂದ 25.4ರವರೆಗೆ ಮಾತ್ರ ಆಡಿದೆ. ಕುಣಿತ ಹಾಗೇ ಇದೆ, ಶೇ 4.

ತಾಪಮಾನ ಪ್ರಿಯ, ಮಂಗಳವಾರ ಸಂಜೆ

ಹಾಗಿದ್ದರೆ ದ್ರವದ ತಾಪಮಾನ ಕಾರಣವಲ್ಲ. ಲೆಕ್ಕವೂ ಅದನ್ನೇ ಹೇಳುತ್ತದೆ: ಒಂದು ಡಿಗ್ರಿಗೆ ಬರೀ ಶೇ 0.16. ಶೇ 4 ಬರಬೇಕಾದರೆ ನೀರು 25 ಡಿಗ್ರಿ ಬಿಸಿಯಾಗಬೇಕಿತ್ತು. ಈ ಭಾಗಾಕಾರ ಬೆಳಗ್ಗೆಯೇ ಮಾಡಿ ಆಮೇಲೆ ಬರೆಯಬೇಕಿತ್ತು, ನಿಮ್ಮ ಒಂದು ದಿನ ಹೋಯಿತು, ಕ್ಷಮಿಸಿ.

ಜೋಡಿ ಡಯೋಡ್, ಮಂಗಳವಾರ ರಾತ್ರಿ

ಲೇಸರ್ ಶಕ್ತಿಯೇ ಏರಿಳಿಯುತ್ತಿರಬಹುದು. ಪೆನ್ಸಿಲ್‌ಗೆ ಸುತ್ತಿದ ಕಾಲನ್ನು ಬಿಚ್ಚಿ, ಅಲ್ಲೊಂದು ಡಯೋಡ್ ಹಾಕಿ. ಮೂಲದಿಂದ ಹೊರಡುವ ಬೆಳಕು ಎಷ್ಟೆಂದು ಅದು ಸದಾ ಹೇಳುತ್ತಿರುತ್ತದೆ. ಒಂದರಿಂದ ಇನ್ನೊಂದನ್ನು ಭಾಗಿಸಿದರೆ ಮೂಲದ ಏರಿಳಿತ ಹೋಗುತ್ತದೆ.

ಉಪ್ಪುನೀರು, ಬುಧವಾರ ಮಧ್ಯಾಹ್ನ

ಮಾಡಿದೆ. ಮೂಲದ ಏರಿಳಿತ ಶೇ 0.5ಕ್ಕಿಂತ ಕಡಿಮೆ. ಭಾಗಿಸಿದ ಮೇಲೂ ನೀರಿನಲ್ಲಿ ಶೇ 4 ಹಾಗೇ ಉಳಿದಿದೆ, ಗಾಳಿಯಲ್ಲಿ ಶೇ 1. ಇನ್ನು ಏನು ಉಳಿಯಿತು?

ಎಳೆ ಎಳೆ, ಬುಧವಾರ ರಾತ್ರಿ

ಉಪ್ಪುನೀರು ಅವರೇ, ನಿಮ್ಮ ಮೊದಲ ಪೋಸ್ಟಿನಲ್ಲೇ ಉತ್ತರ ಇದೆ: ಗಾಳಿಯಲ್ಲಿ ಶೇ 1, ನೀರಿನಲ್ಲಿ ಶೇ 4. ಈ ಎರಡು ಸಂಖ್ಯೆಗಳನ್ನು ಬಿಡಬೇಡಿ.

ಮೂಲ ಕುಣಿದರೆ ಗಾಳಿಯಲ್ಲೂ ನೀರಿನಲ್ಲೂ ಶೇಕಡಾವಾರು ಒಂದೇ ಇರಬೇಕಿತ್ತು. ಡಯೋಡಿನ ಹಿನ್ನೆಲೆ (ತುದಿಯ ಬೆಳಕು ಇಲ್ಲದಾಗಲೂ ಅದು ತೋರಿಸುವ ರೀಡಿಂಗ್) ಬದಲಾಗುತ್ತಿದ್ದರೆ ಸಂಕೇತ ಹದಿನೈದು ಪಟ್ಟು ಕುಗ್ಗಿದಾಗ ಕುಣಿತ ಹದಿನೈದು ಪಟ್ಟು ಹಿಗ್ಗಬೇಕಿತ್ತು. ನಿಮ್ಮದು ನಾಲ್ಕು ಪಟ್ಟು ಹಿಗ್ಗಿದೆ. ಹದಿನೈದರ ವರ್ಗಮೂಲ ಸರಿಸುಮಾರು ನಾಲ್ಕು. ವರ್ಗಮೂಲ ಬಂತೆಂದರೆ ಅಲ್ಲಿ ಅಲೆಗಳು ಒಂದರ ಮೇಲೊಂದು ಕೂಡುತ್ತಿವೆ, ಅಂದರೆ ವ್ಯತಿಕರಣ ಆಗುತ್ತಿದೆ.

ಎಲ್ಲಿಂದ ಬಂತು ಎರಡನೆಯ ಅಲೆ? ಕಪ್ಲರ್ ಮತ್ತು ಮೂರು ಮೀಟರ್ ಫೈಬರ್ ನಡುವೆ ಒಂದು ಎಪಿಸಿ ಕನೆಕ್ಟರ್ ಇದೆ ಎಂದಿರಿ. ಅದರ ಮುಖವನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ಆದರೂ ಹತ್ತು ಲಕ್ಷದಲ್ಲಿ ಒಂದು ಪಾಲು, ಅಂದರೆ 60 ಡೆಸಿಬೆಲ್ ಕೆಳಗಿನಷ್ಟು ಬೆಳಕು ವಾಪಸ್ ಬರುತ್ತದೆ. ಅದೇ ಹತ್ತು ಲಕ್ಷದಲ್ಲಿ ನೀರಿನೊಳಗಿನ ತುದಿಯಿಂದ ಬರುವುದು ಸುಮಾರು 2,180 ಪಾಲು. 2,180ರ ಎದುರು 1 ಏನು ಮಹಾ ಎನಿಸುತ್ತದೆ. ಆದರೆ ವ್ಯತಿಕರಣದಲ್ಲಿ ಕೂಡುವುದು ಅಲೆಯ ಎತ್ತರ, ಅದು ಶಕ್ತಿಯ ವರ್ಗಮೂಲ. 2,180ರ ವರ್ಗಮೂಲ ಸುಮಾರು 47. 47ಕ್ಕೆ 1 ಕೂಡಿ ಕಳೆದು ವರ್ಗ ಮಾಡಿ ನೋಡಿ, ಶೇ 4.3 ಮೇಲೆ ಕೆಳಗೆ. ಗಾಳಿಗೆ 33,400 ಪಾಲು, ವರ್ಗಮೂಲ ಸುಮಾರು 183, ಶೇ 1.1. ನೀವು ಕಂಡ ಸಂಖ್ಯೆಗಳೇ.

ಹಾಗಾದರೆ ಅದು ಯಾಕೆ ಒಂದೇ ಕಡೆ ನಿಲ್ಲುವುದಿಲ್ಲ? ಕನೆಕ್ಟರಿನಿಂದ ತುದಿಯವರೆಗಿನ ಮೂರು ಮೀಟರ್ ಗಾಜು ಒಂದೇ ಒಂದು ಡಿಗ್ರಿ ಬಿಸಿಯಾದರೆ ಬೆಳಕಿನ ಹೋಗಿಬರುವ ದಾರಿ ಮೂವತ್ತು ನಲವತ್ತು ತರಂಗಾಂತರಗಳಷ್ಟು ಬದಲಾಗುತ್ತದೆ. ಒಂದೊಂದು ತರಂಗಾಂತರಕ್ಕೂ ರೀಡಿಂಗ್ ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ. ನೀವು ಬೀಕರಿನ ನೀರನ್ನು ಸ್ಥಿರವಾಗಿಟ್ಟಿರಿ, ಮೇಜಿನ ಮೇಲೆ ಬಿದ್ದಿದ್ದ ಫೈಬರ್ ಕೋಣೆಯ ಗಾಳಿಗೆ ಆಡುತ್ತಲೇ ಇತ್ತು. ಅರ್ಧ ಗಂಟೆಗೊಮ್ಮೆ ನೋಡಿದರೆ ಅಲೆ ಕಾಣುವುದಿಲ್ಲ, ಗೊಂದಲ ಮಾತ್ರ ಕಾಣುತ್ತದೆ.

ನನ್ನ ಮಾತು ನಂಬುವ ಮೊದಲು ಒಂದು ಪರೀಕ್ಷೆ ಮಾಡಿ. ಸೆಕೆಂಡಿಗೊಮ್ಮೆ ದಾಖಲಿಸಲು ಶುರು ಮಾಡಿ, ಆ ಮೂರು ಮೀಟರ್ ಫೈಬರ್‌ನ ಒಂದು ಗೇಣನ್ನು ಅಂಗೈಯಲ್ಲಿ ಮೆಲ್ಲಗೆ ಹಿಡಿದುಕೊಳ್ಳಿ. ಬೀಕರ್ ಮುಟ್ಟಬೇಡಿ.

ಉಪ್ಪುನೀರು, ಗುರುವಾರ ಬೆಳಗ್ಗೆ

ಈಗಷ್ಟೇ ಮಾಡಿದೆ, ಕೈ ಇನ್ನೂ ನಡುಗುತ್ತಿದೆ. ಹಿಡಿದು ಎರಡು ಸೆಕೆಂಡ್ ಏನೂ ಆಗಲಿಲ್ಲ. ಆಮೇಲೆ ರೇಖೆ ಮೇಲೇರಿತು, ಇಳಿಯಿತು, ಮತ್ತೆ ಏರಿತು. ಮೊದಲು ಬೇಗ ಬೇಗ, ಫೈಬರ್ ಅಂಗೈಯಷ್ಟು ಬೆಚ್ಚಗಾಗುತ್ತಾ ಬಂದ ಹಾಗೆ ನಿಧಾನ. ಎಣಿಸಿದೆ, ಏಳು ಅಲೆ. ಕೈ ಬಿಟ್ಟ ಮೇಲೆ ತಣ್ಣಗಾಗುವಾಗ ಅಷ್ಟೇ ಅಲೆಗಳು ಹಿಂದಕ್ಕೆ ಬಂದವು. ಎಲ್ಲ ಅಲೆಗಳ ಎತ್ತರವೂ ಒಂದೇ, ಶೇ 4.

ಎರಡು ವಾರ ನಾನು ಉಪ್ಪು ಅಳೆಯುತ್ತಿದ್ದೇನೆ ಎಂದುಕೊಂಡಿದ್ದೆ, ಅಳೆಯುತ್ತಿದ್ದದ್ದು ಕೋಣೆಯ ಗಾಳಿಯನ್ನು. ಎಳೆ ಎಳೆ ಅವರಿಗೆ ಎಷ್ಟು ವಂದನೆ ಹೇಳಿದರೂ ಸಾಲದು. ಈಗ ಪರಿಹಾರ ಏನು?

ಎಳೆ ಎಳೆ, ಗುರುವಾರ ಬೆಳಗ್ಗೆ

ಡಿಎಫ್‌ಬಿ ಲೇಸರ್ ಬೇಡ. ಅದರ ಬೆಳಕು ಎಷ್ಟು ಶುದ್ಧವೆಂದರೆ ಮೀಟರ್‌ಗಟ್ಟಲೆ ದೂರದ ಎರಡು ಪ್ರತಿಫಲನಗಳೂ ಒಂದನ್ನೊಂದು ಗುರುತು ಹಿಡಿಯುತ್ತವೆ. ದೂರಸಂಪರ್ಕಕ್ಕೆ ಅದು ವರ, ನಿಮ್ಮ ಕೆಲಸಕ್ಕೆ ಶಾಪ. ಅಗಲ ಪಟ್ಟಿಯ ಎಸ್‌ಎಲ್‌ಇಡಿ, ಅಂದರೆ ಹಲವು ತರಂಗಾಂತರ ಬೆರೆತ ಬೆಳಕು ಕೊಡುವ ಮೂಲ, ಸಿಕ್ಕಿದರೆ ಹಾಕಿ. 40 ನ್ಯಾನೊಮೀಟರ್ ಅಗಲವಿದ್ದರೆ ವ್ಯತಿಕರಣ ಮಿಲಿಮೀಟರಿನ ಹತ್ತನೇ ಒಂದು ಭಾಗದ ದೂರಕ್ಕೂ ಉಳಿಯುವುದಿಲ್ಲ. ಸಿಗದಿದ್ದರೆ ಆ ಕನೆಕ್ಟರ್ ತೆಗೆದು ಸ್ಪ್ಲೈಸ್ ಮಾಡಿ, ಅಂದರೆ ಎರಡು ಫೈಬರ್‌ಗಳನ್ನು ಕರಗಿಸಿ ಬೆಸೆಯಿರಿ. ಎರಡೂ ಮಾಡಿದರೆ ಇನ್ನೂ ಒಳ್ಳೆಯದು.

ಪೆನ್ಸಿಲ್ ಉಪಾಯವನ್ನು ತುದಿಯ ಕಾಲಿಗೂ ಒಮ್ಮೆ ಬಳಸಿ. ತುದಿಯ ಸ್ವಲ್ಪ ಹಿಂದೆ ಫೈಬರನ್ನು ಪೆನ್ಸಿಲ್‌ಗೆ ಬಿಗಿಯಾಗಿ ಸುತ್ತಿದರೆ ತುದಿಯ ಬೆಳಕು ಸಾಯುತ್ತದೆ. ಆಗಲೂ ಡಯೋಡ್ ತೋರಿಸುವುದು ನಿಮ್ಮ ಹಿನ್ನೆಲೆ. ಅದನ್ನು ಪ್ರತಿ ರೀಡಿಂಗಿನಿಂದ ಕಳೆಯಿರಿ. ಗಾಳಿಯ ರೀಡಿಂಗಿನಿಂದ ಭಾಗಿಸುವ ಮೊದಲೇ ಕಳೆಯಬೇಕು, ಹಲವರು ಇಲ್ಲಿ ಎಡವುತ್ತಾರೆ.

ಲ್ಯಾಬ್ ಹುಡುಗಿ, ಗುರುವಾರ ಮಧ್ಯಾಹ್ನ

ನಡುವೆ ಬಂದೆ, ಕ್ಷಮಿಸಿ. ತುದಿಯ ಪ್ರತಿಫಲನಕ್ಕಿಂತ ಫೈಬರ್‌ನ ಪಕ್ಕದಿಂದಲೇ ದ್ರವವನ್ನು ತಾಕಿಸುವ ವಿಧಾನ ಹೆಚ್ಚು ಸೂಕ್ಷ್ಮ ಎಂದು ಓದಿದ್ದೇನೆ. ಕ್ಲ್ಯಾಡಿಂಗನ್ನು (ಬೆಳಕು ಓಡುವ ತಿರುಳಿನ ಸುತ್ತಲ ಹೊದಿಕೆಯನ್ನು) ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಕರಗಿಸಿ ತೆಳುವಾಗಿಸಬೇಕಂತೆ. ಆಮ್ಲ ಹೊಂದಿಸಿಕೊಂಡು ನಾನೇ ಮಾಡಬಹುದೇ?

ಹಳೇ ಮೇಷ್ಟ್ರು, ಗುರುವಾರ ಮಧ್ಯಾಹ್ನ

ಬೇಡಮ್ಮಾ. ದಯವಿಟ್ಟು ಬೇಡ.

ಬೇರೆ ಆಮ್ಲ ಚರ್ಮ ಸುಟ್ಟಾಗ ಆ ಕ್ಷಣವೇ ಉರಿಯುತ್ತದೆ, ಕೈ ಹಿಂದಕ್ಕೆ ಬರುತ್ತದೆ. ಇದು ಹಾಗಲ್ಲ. ದುರ್ಬಲ ದ್ರಾವಣವಾದರೆ ಗಂಟೆಗಟ್ಟಲೆ ನೋವೇ ಗೊತ್ತಾಗದು. ಅಷ್ಟರಲ್ಲಿ ಫ್ಲೋರೈಡ್ ಚರ್ಮದ ಒಳಕ್ಕಿಳಿದು ದೇಹದ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ. ಹೃದಯದ ಬಡಿತವೇ ತಪ್ಪಬಹುದು. ನನ್ನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರ ಕೈಗವಸಿನಲ್ಲಿ ಸೂಜಿ ಮೊನೆಯಷ್ಟು ತೂತಿತ್ತು. ಬೆರಳ ತುದಿ ಉಳಿಯಲು ತಿಂಗಳುಗಳೇ ಹಿಡಿದವು. ತರಬೇತಿ ಪಡೆದವರು, ಹೊಗೆ ಹೀರುವ ಕಪಾಟು, ಕೈಗೆಟುಕುವಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್, ಜೊತೆಗೆ ಇನ್ನೊಬ್ಬರು, ಇವಿಷ್ಟೂ ಇಲ್ಲದ ಕಡೆ ಆ ಬಾಟಲಿಯ ಮುಚ್ಚಳ ತೆಗೆಯಬಾರದು.

ನಿನಗೆ ಬೇಕಾದ್ದು ಅದಿಲ್ಲದೆಯೂ ಸಿಗುತ್ತದೆ. 1 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಫೈಬರ್ ತಗೋ, ಅದರ ತಿರುಳಿನ ಸೂಚ್ಯಂಕ 1.49. ಹದವಾಗಿ ಕಾಯಿಸಿ ಇಂಗ್ಲಿಷಿನ ಯು ಅಕ್ಷರದ ಹಾಗೆ ಬಗ್ಗಿಸಿ, ಬಾಗಿದ ಜಾಗದ ತೆಳು ಕ್ಲ್ಯಾಡಿಂಗನ್ನು ನಯವಾದ ಉಜ್ಜು ಕಾಗದದಿಂದ ತೆಗೆ. ಒಂದು ತುದಿಗೆ ಕೆಂಪು ಎಲ್‌ಇಡಿ, ಇನ್ನೊಂದಕ್ಕೆ ಡಯೋಡ್. ಬಾಗನ್ನು ನೀರಿಗೆ ಅದ್ದಿದರೆ ಬೆಳಕು ಇಳಿಯುತ್ತದೆ, ಸಕ್ಕರೆ ಹಾಕುತ್ತಾ ಹೋದಂತೆ ಇನ್ನೂ ಇಳಿಯುತ್ತದೆ. ದ್ರವದ ಸೂಚ್ಯಂಕ ತಿರುಳಿನದಕ್ಕೆ ಹತ್ತಿರವಾದಷ್ಟೂ ಬಾಗಿನಲ್ಲಿ ಹೆಚ್ಚು ಬೆಳಕು ಹೊರಗೆ ಸೋರುತ್ತದೆ. ಅಸಿಟೋನ್ ಮಾತ್ರ ಹತ್ತಿರ ತರಬೇಡ, ಫೈಬರನ್ನೇ ಕರಗಿಸುತ್ತದೆ.

ಲ್ಯಾಬ್ ಹುಡುಗಿ, ಗುರುವಾರ ಸಂಜೆ

ಆಮ್ಲದ ಯೋಚನೆ ಬಿಟ್ಟೆ ಮೇಷ್ಟ್ರೇ. ಪ್ಲಾಸ್ಟಿಕ್ ಫೈಬರ್ ತರಿಸುತ್ತೇನೆ.

ಉಪ್ಪುನೀರು, ಶನಿವಾರ ಬೆಳಗ್ಗೆ

ಎಸ್‌ಎಲ್‌ಇಡಿ ಎರಡು ದಿನದ ಮಟ್ಟಿಗೆ ಸಿಕ್ಕಿತು. ಅಂಗೈ ಪರೀಕ್ಷೆ ಮಾಡಿದರೆ ರೇಖೆ ಅಲುಗುವುದಿಲ್ಲ. ಈಗ ನೀರಿನಲ್ಲಿ ಏರಿಳಿತ ಶೇ 0.3. ಶೇ 5 ಉಪ್ಪಿಗೆ ಪ್ರತಿಫಲನ ಶೇ 13.5 ಇಳಿಯಿತು, ಲೆಕ್ಕಕ್ಕೂ ಇದಕ್ಕೂ ತಾಳೆಯಾಗುತ್ತದೆ. ಶೇ 0.5ರ ದ್ರಾವಣವೂ ಶುದ್ಧ ನೀರೂ ಈಗ ಬೇರೆ ಬೇರೆ ಕಾಣುತ್ತವೆ.

ಆದರೆ ನಿನ್ನೆ ರಾತ್ರಿ ಹೊಸದೊಂದು ಶುರುವಾಗಿದೆ. ಮೂರು ಗಂಟೆಯ ಹೊತ್ತಿಗೆ ರೀಡಿಂಗ್ ಒಮ್ಮೆಗೇ ಹದಿನೈದು ಪಟ್ಟು ಏರಿ ಬೆಳಗಿನವರೆಗೆ ಅಲ್ಲೇ ನಿಂತಿದೆ. ಬೀಕರ್ ತುಂಬಾ ನೀರಿದೆ, ತುದಿ ನಾಲ್ಕು ಸೆಂಟಿಮೀಟರ್ ಆಳದಲ್ಲಿದೆ.

ಗುಳ್ಳೆ ಎಣಿಸುವವ, ಶನಿವಾರ ಬೆಳಗ್ಗೆ

ಹದಿನೈದು ಪಟ್ಟು ಎಂದರೆ ಗಾಳಿ. ತುದಿಗೆ ಗುಳ್ಳೆ ಅಂಟಿದೆ, ಟಾರ್ಚ್ ಹಾಕಿ ಪಕ್ಕದಿಂದ ನೋಡಿ, ಸಾಸಿವೆಗಿಂತ ಚಿಕ್ಕದು ಕಾಣುತ್ತದೆ. ತಣ್ಣನೆಯ ನೀರು ಕೋಣೆಯ ಬಿಸಿಗೆ ಬಂದಾಗ ಕರಗಿದ್ದ ಗಾಳಿ ಹೊರಬಂದು ಗಾಜಿನ ಮೇಲೆ ಕೂರುತ್ತದೆ. ಬೆಳಕು ಓಡುವ ತಿರುಳು ಬರೀ 9 ಮೈಕ್ರೊಮೀಟರ್ ಅಗಲ, ಅದನ್ನು ಮುಚ್ಚಲು ಎಷ್ಟು ಗಾಳಿ ಬೇಕು? ನೀರನ್ನು ಕುದಿಸಿ ಆರಿಸಿ ಬಳಸಿ. ಫೈಬರನ್ನು ನೆಟ್ಟಗೆ ಕೆಳಮುಖವಾಗಿ ಇಳಿಸಬೇಡಿ, ಓರೆಯಾಗಿ ಹಿಡಿದರೆ ಗುಳ್ಳೆ ಜಾರಿ ಹೋಗುತ್ತದೆ.

ನಿಮಗೆ ಇದು ಕಾಟ, ನಮಗೆ ಇದೇ ಕೆಲಸ. ಕೊಳವೆಯಲ್ಲಿ ದ್ರವದ ಜೊತೆ ಅನಿಲ ಎಷ್ಟು ಹರಿಯುತ್ತಿದೆ ಎಂದು ತಿಳಿಯಲು ಮೊನಚು ತುದಿಯ ಫೈಬರನ್ನು ಹರಿವಿಗೆ ಎದುರಾಗಿ ನಿಲ್ಲಿಸುತ್ತೇವೆ. ಗುಳ್ಳೆ ತಾಕಿದಾಗ ಬೆಳಕು ಜಿಗಿಯುತ್ತದೆ, ದಾಟಿದಾಗ ಬೀಳುತ್ತದೆ. ಮೇಲಿದ್ದ ಸಮಯದ ಪಾಲೇ ಅಲ್ಲಿನ ಅನಿಲದ ಪಾಲು. ತುದಿಯಲ್ಲಿ ವಿದ್ಯುತ್ ಇಲ್ಲ, ಕಿಡಿಯ ಭಯವಿಲ್ಲದೆ ಬೆಂಕಿ ಹತ್ತುವ ದ್ರವದೊಳಗೂ ಇಳಿಸಬಹುದು.

ತಾಪಮಾನ ಪ್ರಿಯ, ಶನಿವಾರ ಮಧ್ಯಾಹ್ನ

ಈಗ ಶೇ 0.3ಕ್ಕೆ ಬಂದಿದ್ದೀರಿ, ನನ್ನ ಒಂದು ಡಿಗ್ರಿಯ ಶೇ 0.16 ಈಗ ಲೆಕ್ಕಕ್ಕೆ ಬರುತ್ತದೆ. ತುದಿಯ ಪಕ್ಕದಲ್ಲೇ ಒಂದು ಬ್ರ್ಯಾಗ್ ಗ್ರೇಟಿಂಗ್ ಇಡಿ, ಅಂದರೆ ಒಂದು ತರಂಗಾಂತರವನ್ನು ಮಾತ್ರ ಪ್ರತಿಫಲಿಸುವ, ತಿರುಳಿನಲ್ಲೇ ಗೆರೆ ಮೂಡಿಸಿದ ಫೈಬರ್ ತುಂಡು. 1550ರ ಗ್ರೇಟಿಂಗ್‌ನ ಆ ತರಂಗಾಂತರ ಡಿಗ್ರಿಗೆ ಸುಮಾರು 10 ಪಿಕೊಮೀಟರ್ ಸರಿಯುತ್ತದೆ, ಕ್ಲ್ಯಾಡಿಂಗ್ ಪೂರ್ತಿ ಇರುವುದರಿಂದ ಹೊರಗಿನ ದ್ರವದ ಸೂಚ್ಯಂಕ ಅದಕ್ಕೆ ತಿಳಿಯುವುದೇ ಇಲ್ಲ. ಎಳೆತ ಬೀಳದಂತೆ ಸಡಿಲವಾಗಿ ಇಡಬೇಕು ಅಷ್ಟೆ. ಅದಿಲ್ಲದಿದ್ದರೆ ಸಾದಾ ಥರ್ಮಿಸ್ಟರ್ ಸಾಕು.

ಬೇರಿಂಗ್ ಮನುಷ್ಯ, ಶನಿವಾರ ರಾತ್ರಿ

ಎಲ್ಲ ಓದಿದೆ, ಬಹಳ ಕಲಿತೆ. ನನ್ನದು ಯಂತ್ರಕ್ಕೆ ಹಾಕುವ ಎಣ್ಣೆ. ಇದೇ ಸೆಟಪ್‌ನಲ್ಲಿ ಅದರ ಸ್ನಿಗ್ಧತೆ ಅಳೆಯಬಹುದೇ? ಇನ್ನೊಂದು: ಪ್ರತಿಫಲನದಿಂದ ಸೂಚ್ಯಂಕ ಲೆಕ್ಕ ಹಾಕಿದರೆ ಎರಡು ಉತ್ತರ ಬರುತ್ತಿದೆ, ಯಾವುದು ನಿಜ?

ಎಳೆ ಎಳೆ, ಭಾನುವಾರ ಬೆಳಗ್ಗೆ

ಸ್ನಿಗ್ಧತೆ ಇದರಿಂದ ಆಗುವುದಿಲ್ಲ. ಸೂಚ್ಯಂಕ ಎಂದರೆ ದ್ರವದಲ್ಲಿ ಬೆಳಕು ಎಷ್ಟು ನಿಧಾನವಾಗುತ್ತದೆ ಎಂಬುದು, ಸ್ನಿಗ್ಧತೆ ಎಂದರೆ ಪದರದ ಮೇಲೆ ಪದರ ಜಾರಲು ಎಷ್ಟು ತಡೆ ಎಂಬುದು. ಸ್ನಿಗ್ಧತೆ ಬೇಕೆಂದರೆ ಏನಾದರೂ ಚಲಿಸಲೇಬೇಕು. ಫೈಬರ್‌ನ ಒಂದೆರಡು ಸೆಂಟಿಮೀಟರನ್ನು ಚಾಚಿ ಹಿಡಿದು ಪೀಜೋದಿಂದ (ವಿದ್ಯುತ್ ಕೊಟ್ಟರೆ ಕಂಪಿಸುವ ಬಿಲ್ಲೆಯಿಂದ) ನಡುಗಿಸಿ, ದ್ರವದೊಳಗೆ ಆ ನಡುಕ ಹೇಗೆ ಕುಗ್ಗುತ್ತದೆ ಎಂದು ಬೆಳಕಿನಿಂದ ಓದುವ ವಿಧಾನವಿದೆ. ಅನುರಣನದ ಆವರ್ತ ಎಷ್ಟು ಇಳಿಯಿತು ಎಂಬುದರಲ್ಲಿ ಸಾಂದ್ರತೆಯ ಸುಳಿವಿದೆ, ಅದರ ಶಿಖರ ಎಷ್ಟು ಅಗಲವಾಯಿತು ಎಂಬುದರಲ್ಲಿ ಸ್ನಿಗ್ಧತೆಯದು. ಆದರೆ ಅಲ್ಲಿ ತಾಪಮಾನ ಇನ್ನೂ ಬಿಗಿಯಾಗಿರಬೇಕು. ನೀರಿನ ಸ್ನಿಗ್ಧತೆಯೇ 20ರಿಂದ 30 ಡಿಗ್ರಿಗೆ ಹೋಗುವಷ್ಟರಲ್ಲಿ 1.00ರಿಂದ 0.80 ಮಿಲಿಪಾಸ್ಕಲ್ ಸೆಕೆಂಡಿಗೆ ಇಳಿಯುತ್ತದೆ, ಎಣ್ಣೆಗಳದು ಅದಕ್ಕಿಂತ ಎಷ್ಟೋ ಜೋರು.

ಎರಡು ಉತ್ತರ ಬರುವುದು ಸಹಜ. ಸೂತ್ರದಲ್ಲಿ ವರ್ಗ ಇದೆಯಲ್ಲ, ದ್ರವದ ಸೂಚ್ಯಂಕ ಫೈಬರ್‌ಗಿಂತ ಕಡಿಮೆಯೋ ಹೆಚ್ಚೋ ಎಂಬುದು ವರ್ಗದಲ್ಲಿ ಕಳೆದುಹೋಗುತ್ತದೆ. 1.400ರ ದ್ರವವೂ 1.496ರ ದ್ರವವೂ ನಿಮ್ಮ ಡಯೋಡಿಗೆ ಒಂದೇ. ಬಿಡಿಸಲು ಎಣ್ಣೆಯನ್ನು ನಿಧಾನವಾಗಿ ಕಾಯಿಸಿ. ಬಿಸಿಯಾದಾಗ ಸೂಚ್ಯಂಕ ಇಳಿಯಲೇಬೇಕು, ಎಣ್ಣೆಗಳಿಗೆ ಡಿಗ್ರಿಗೆ 0.0004ರ ಆಸುಪಾಸು. ಆಗ ಪ್ರತಿಫಲನ ಏರಿದರೆ ನಿಮ್ಮ ಎಣ್ಣೆ 1.447ರ ಕೆಳಗಿದೆ, ಇಳಿದರೆ ಮೇಲಿದೆ. ಇಳಿಯುತ್ತಿದ್ದರೆ ಬಿಡಬೇಡಿ, ಇನ್ನೂ ಕಾಯಿಸಿ ನೋಡಿ.

ಬೇರಿಂಗ್ ಮನುಷ್ಯ, ಸೋಮವಾರ ರಾತ್ರಿ

ಕಾಯಿಸಿದೆ. 25 ಡಿಗ್ರಿಯಿಂದ ಶುರು. 40ಕ್ಕೆ ಬರುವಷ್ಟರಲ್ಲಿ ಪ್ರತಿಫಲನ ಅರ್ಧಕ್ಕಿಂತ ಕೆಳಗೆ ಬಂತು. ಅಲ್ಲಿಗೆ ಎರಡರಲ್ಲಿ ಒಂದು ಉತ್ತರ ಬಿದ್ದುಹೋಯಿತು, ಎಣ್ಣೆ ಮೇಲಿನ ಕಡೆಗೇ ಸೇರಿದ್ದು. ಬಿಡಬೇಡಿ ಎಂದಿದ್ದಿರಲ್ಲ, ಕಾಯಿಸುತ್ತಲೇ ಹೋದೆ. 64 ಡಿಗ್ರಿಯಲ್ಲಿ ರೀಡಿಂಗ್ ಹಿನ್ನೆಲೆಯ ಮಟ್ಟ ಮುಟ್ಟಿತು, ಅದನ್ನು ದಾಟಿದ ಮೇಲೆ ಮತ್ತೆ ಏರತೊಡಗಿತು. ಆರಿಸುತ್ತಾ ಬಂದಾಗಲೂ ಅದೇ 64ಕ್ಕೆ ತಳ.

ಅಂದರೆ ಆ ತಾಪಮಾನದಲ್ಲಿ ಎಣ್ಣೆ ಮತ್ತು ಗಾಜಿನ ಸೂಚ್ಯಂಕ ಒಂದೇ, ಬೆಳಕಿಗೆ ಅಲ್ಲಿ ತುದಿಯೇ ಇಲ್ಲ. ಲೇಸರ್ ಶಕ್ತಿ ಎಷ್ಟಿದ್ದರೂ ಈ ತಳ ಸರಿಯುವುದಿಲ್ಲ ಎಂದು ತೋರುತ್ತದೆ. ಇದು ಹೊಸ ಎಣ್ಣೆ. ಅದೇ ಡಬ್ಬಿಯದು, ಯಂತ್ರದಲ್ಲಿ ಆರು ತಿಂಗಳು ಓಡಿದ ಎಣ್ಣೆ ಒಂದು ಬಾಟಲಿ ಇದೆ. ತುದಿ ಒರೆಸಿ ಹೊಸದಾಗಿ ಕ್ಲೀವ್ ಮಾಡಿ ನಾಳೆ ಅದನ್ನು ಕಾಯಿಸುತ್ತೇನೆ, ತಳ ಎಷ್ಟು ಡಿಗ್ರಿಗೆ ಬಂತೆಂದು ಇಲ್ಲೇ ಬರೆಯುತ್ತೇನೆ.